ಎಣಿಸದೆ ಸುತ್ತಿದ ಫ್ಯಾನು

೧೯೬೩ರಲ್ಲಿ ನಾನು ಓದು ಬಿಟ್ಟೆ, ಏಳನೆಯ ಇಯತ್ತೆಯ ಅರ್ಧದಲ್ಲಿ. ಅಣ್ಣ ಮುಂಬಯಿಗೆ ಕರೆದ, ಬಂದೆ. ದಡ್ಡನಾಗಿ ಬಿಟ್ಟವನಲ್ಲ. ಇಪ್ಪತ್ತೊಂಬತ್ತರ ಮಗ್ಗಿಯನ್ನು ಇವತ್ತಿಗೂ ಉಸಿರು ನಿಲ್ಲಿಸದೆ ಹೇಳುತ್ತೇನೆ. ನಮ್ಮ ಮಾಸ್ತರರಿಗೆ ಬೇಕಾಗಿದ್ದುದೂ ಅಷ್ಟೇ. ಪ್ರಶ್ನೆ ಕೇಳುವುದು ಅವರ ಕೆಲಸ, ಒಪ್ಪಿಸುವುದು ನಮ್ಮದು.

ಆರು ವರ್ಷದ ಮೇಲೆ ಮುಂಬಯಿಯ ಫೋರ್ಟ್ ಭಾಗದ ಒಂದು ಗಲ್ಲಿಯಲ್ಲಿ ಸುಟ್ಟ ಮೋಟಾರು, ಫ್ಯಾನುಗಳಿಗೆ ಹೊಸ ತಂತಿ ಸುತ್ತುವ ಅಂಗಡಿಯಲ್ಲಿ ಕಾರಿಗರನಾಗಿದ್ದೆ. ಅಂಗಡಿ ಎಲ್ಲರೂ ಚಾಚಾ ಎನ್ನುತ್ತಿದ್ದ ಹಿರಿಯರೊಬ್ಬರದು. ನಮ್ಮ ವಿಜಾಪುರದ ಕಡೆಯವರೇ. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ. ಮಗಳ ಮದುವೆಗೆಂದು ಅವರು ಎರಡು ತಿಂಗಳು ಊರಿಗೆ ಹೊರಟಿದ್ದರು. ಹೋಗುವ ಹದಿನೈದು ದಿನ ಮುಂಚೆ ಒಂದು ಸುಟ್ಟ ಫ್ಯಾನನ್ನು ನನ್ನ ಮುಂದಿಟ್ಟರು.

"ಇದನ್ನ ನೀ ಒಬ್ಬನ ಮಾಡು ಬೇಟಾ. ಛಲೋ ತಿರುಗಿತಂದ್ರ ಅಂಗಡಿ ಕೀಲಿ ನಿನ್ನ ಕೈಯಾಗ. ಇಲ್ಲಂದ್ರ ಮುಚ್ಚಿ ಹೋಗತೀನಿ."

ಮುಚ್ಚಿದರೆ ನಾನು ಎರಡು ತಿಂಗಳು ಭಾಂಡುಪಿನಲ್ಲಿ ಅಣ್ಣನ ಚಾಳಿನ ಕೋಣೆಯಲ್ಲಿ, ಕೆಲಸವಿಲ್ಲದೆ ಅತ್ತಿಗೆಯ ಕಣ್ಣೆದುರು ಕೂರಬೇಕು. ಅದಕ್ಕಿಂತ ಆ ಕೀಲಿ ಬೇಕಿತ್ತು.

ನಮ್ಮ ಕೆಲಸಕ್ಕೆ ಒಂದು ಕ್ರಮವಿದೆ. ಸುಟ್ಟ ತಂತಿಯನ್ನು ಕಿತ್ತಾಗ ಒಂದು ಸುರುಳಿಯನ್ನು ಕತ್ತರಿಸಿ, ಅದರಲ್ಲಿ ಎಷ್ಟು ಸುತ್ತು ಇದೆಯೆಂದು ತುದಿಗಳನ್ನು ಒಂದೊಂದಾಗಿ ಎಣಿಸಬೇಕು. ಹೊಸದನ್ನೂ ಅಷ್ಟೇ ಸುತ್ತಬೇಕು. ಬೇಸರದ ಕೆಲಸ. ನಾನು ಎಣಿಸಲಿಲ್ಲ. ಆ ಕಂಪನಿಯ ಫ್ಯಾನಿಗೆ ಮುನ್ನೂರು ಸುತ್ತು ಎಂದು ನನಗೆ ಬಾಯಿಪಾಠ. ಹಳೆಯ ತಂತಿಯನ್ನು ಗುಜರಿ ಚೀಲಕ್ಕೆ ಎಸೆದು ಒಂದೇ ದಿನದಲ್ಲಿ ಸುತ್ತಿ ಮುಗಿಸಿದೆ.

ಫ್ಯಾನು ಹತ್ತಿರದ ಉಡುಪಿ ಹೋಟೆಲಿನದು. ಅಂದೇ ರಾತ್ರಿ ಅಲ್ಲಿ ತೂಗುಹಾಕಿ ಬಂದೆ. ಮರುದಿನ ಊಟದ ಹೊತ್ತಿಗೆ ಮಾಲಕರು ಹೇಳಿ ಕಳಿಸಿದರು. ಹೋದೆ. ಮೇಜುಗಳೆಲ್ಲ ತುಂಬಿದ್ದವು. ಫ್ಯಾನು ಯೋಚನೆ ಮಾಡುತ್ತ ತಿರುಗುತ್ತಿತ್ತು.

"ಎಂತ ಮಾರಾಯ, ನಿನ್ನ ಫ್ಯಾನಿಗೆ ಜ್ವರವಾ? ಒಂದೊಂದು ರೆಕ್ಕೆಯನ್ನೂ ಗುರುತು ಹಿಡಿಯಬಹುದು. ಕೆಳಗೆ ಕೂತವರ ಕಾಫಿ ಸಹ ಆರುವುದಿಲ್ಲ."

"ಹೊಸದು, ಎರಡು ದಿನ ಓಡಿದರೆ ಸರಿಯಾಗುತ್ತದೆ," ಎಂದೆ.

"ಅದೆಂತ ಮದುಮಗಳಾ, ನಾಚಿಕೆ ಬಿಡಲಿಕ್ಕೆ?"

ಸುತ್ತಲಿನ ಆಫೀಸಿನವರು ನಕ್ಕರು. ಫ್ಯಾನನ್ನು ಹೆಗಲ ಮೇಲೆ ಹೊತ್ತು ತಂದೆ. ಚಾಚಾ ಬಯ್ಯಲಿಲ್ಲ. "ಎಣಿಸಿದ್ದಿಯೇನು?" ಎಂದು ಮಾತ್ರ ಕೇಳಿದರು. ಕೀಲಿ ಹೋಯಿತು ಅಂದುಕೊಂಡೆ.

ಪುಣ್ಯಕ್ಕೆ ಗುಜರಿಯವನು ಇನ್ನೂ ಬಂದಿರಲಿಲ್ಲ. ಚೀಲವನ್ನು ನೆಲಕ್ಕೆ ಸುರುವಿ ಆ ಫ್ಯಾನಿನ ಹಳೆಯ ಸುರುಳಿಯನ್ನು ಹುಡುಕಿ ಎಣಿಸಿದೆ. ಇನ್ನೂರ ಅರವತ್ತು. ಹೊರಗಿನ ಆಕಾರ ಅದೇ ಆದರೂ ಫ್ಯಾನು ಹಳೆಯ ಮಾದರಿಯದು, ಒಳಗಿನ ಕಬ್ಬಿಣ ದಪ್ಪ, ಅದಕ್ಕೆ ಸುತ್ತು ಕಡಿಮೆ. ಆಗ ತಲೆಯಲ್ಲಿ ಒಂದು ಹುಳ ಹೊಕ್ಕಿತು.

"ಚಾಚಾ, ಸುತ್ತು ಹೆಚ್ಚಾದ್ರ ಜೋರು ಹೆಚ್ಚಾಗಬೇಕಲ್ಲ? ಕಡಿಮಿ ಯಾಕಾತು?"

"ನಂಗೊತ್ತಿಲ್ಲ."

"ಮೂವತ್ತು ವರ್ಷದಿಂದ ಸುತ್ತಾಕತ್ತೀರಿ."

"ಮೂವತ್ತು ವರ್ಷ ಎಣಿಸೀನಿ. ಯಾಕಂತ ಯಾವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನೋಡೂಣು ನಡಿ."

ನನಗಿಂತ ದೊಡ್ಡವರೊಬ್ಬರು ನಾಚದೆ ಗೊತ್ತಿಲ್ಲ ಅಂದಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಆದಿತ್ಯವಾರ, ರಜೆಯ ದಿನ, ಇಬ್ಬರೂ ನಸುಕಿನಲ್ಲೇ ಅಂಗಡಿ ತೆರೆದೆವು. ರಾತ್ರಿಯವರೆಗೂ ಕೂತು, ಅದೇ ಮಾದರಿಯ ಒಂದು ಗುಜರಿ ಫ್ಯಾನಿಗೆ ಇನ್ನೂರ ಇಪ್ಪತ್ತು, ಇನ್ನೂರ ಅರವತ್ತು, ಮುನ್ನೂರು ಎಂದು ಬೇರೆ ಬೇರೆಯಾಗಿ ಸುತ್ತಿ ಓಡಿಸಿದೆವು. ಕೆಳಗೆ ಪೇಪರಿನ ಚೂರು ಇಟ್ಟು, ಎಷ್ಟು ದೂರ ಹಾರಿತೆಂದು ಅಳೆದೆವು. ಇನ್ನೂರ ಇಪ್ಪತ್ತಕ್ಕೆ ಚೂರು ಬಾಗಿಲು ದಾಟಿತು, ಆದರೆ ಫ್ಯಾನು ಮುಟ್ಟಲಾರದಷ್ಟು ಬಿಸಿಯಾಯಿತು. ಚಾಚಾ ಅರವತ್ತರ ಮುದುಕರು. ಚೂರಿನ ಹಿಂದೆ ಗಲ್ಲಿಯವರೆಗೂ ಓಡಿದರು.

ಹೋಟೆಲಿನ ಫ್ಯಾನನ್ನು ಇನ್ನೂರ ಅರವತ್ತಕ್ಕೆ ಸುತ್ತಿ ತೂಗುಹಾಕಿದೆ. ಮಾಲಕರು ಕೆಳಗೆ ನಿಂತು, ಹಾರುವ ಬಿಲ್ಲಿನ ಚೀಟಿಗಳನ್ನು ಅಂಗೈಯಿಂದ ಒತ್ತಿಹಿಡಿದು, "ಈಗ ಜ್ವರ ಬಿಟ್ಟಿತು," ಅಂದರು.

ಊರಿಗೆ ಹೊರಟ ದಿನ ಚಾಚಾ ಕೀಲಿ ನನ್ನ ಕಿಸೆಗೆ ಹಾಕಿದರು. "ಎಲ್ಲಾ ಗೊತ್ತದ ಅನ್ನೋವನ ಕೈಯಾಗ ಕೊಡಲಿಕ್ಕೆ ಅಂಜಿಕಿ ಇತ್ತು ನೋಡು," ಎಂದರು.

ಯಾಕೆ ಎಂಬುದು ಮಾತ್ರ ನನ್ನನ್ನು ಬಿಡಲಿಲ್ಲ. ರದ್ದಿ ಅಂಗಡಿಯಲ್ಲಿ ಒಂಬತ್ತನೆಯ ಇಯತ್ತೆಯ ಕನ್ನಡ ವಿಜ್ಞಾನ ಪುಸ್ತಕ ಸಿಕ್ಕಿತು. ಭಾಂಡುಪಿನಿಂದ ಬರುವಾಗ ಲೋಕಲ್ ರೈಲಿನಲ್ಲಿ ನಿಂತೇ ಓದಿದೆ. ಅರ್ಧ ತಿಳಿಯಿತು, ಉಳಿದರ್ಧಕ್ಕೆ ಮುಂದಿನ ಇಯತ್ತೆಯ ಪುಸ್ತಕ ಹುಡುಕಿದೆ. ಅಂದಿನಿಂದ ಫ್ಯಾನು ಬಿಚ್ಚಿದಾಗಲೆಲ್ಲ ನೋಟುಬುಕ್ಕಿನಲ್ಲಿ ಸುತ್ತಿನ ಲೆಕ್ಕದ ಕೆಳಗೆ, ನನಗೆ ಗೊತ್ತಿಲ್ಲದ್ದೇನಾದರೂ ಕಂಡರೆ ಬರೆದಿಡುತ್ತೇನೆ. ನಮ್ಮ ಶಾಲೆಯ ಮೂಲೆಯಲ್ಲಿ ಅಂಥದ್ದೊಂದು ಗುಜರಿ ಚೀಲ ಇದ್ದಿದ್ದರೆ, ಅದನ್ನು ಸುರುವಲು ಬಿಟ್ಟಿದ್ದರೆ, ಅಣ್ಣ ಕರೆದಾಗ ನಾನು ಅಷ್ಟು ಸುಲಭಕ್ಕೆ ಎದ್ದು ಬರುತ್ತಿರಲಿಲ್ಲ.

ಈಗ ಭಾಂಡುಪಿನಲ್ಲಿ ನನ್ನದೇ ಒಂದು ಅಂಗಡಿ, ತಂತಿ ಸುತ್ತುವ ಮಷೀನು ಎರಡು, ರದ್ದಿಯಿಂದ ತಂದ ಪುಸ್ತಕ ಹದಿನೇಳು, ನೋಟುಬುಕ್ಕು ನಾಲ್ಕು. ಅವುಗಳಲ್ಲಿ ಬರೆದ ಪ್ರಶ್ನೆ ಇನ್ನೂರ ಹನ್ನೊಂದು. ಉತ್ತರ ಸಿಕ್ಕಿದ್ದು ನೂರ ನಲವತ್ತಕ್ಕೆ.