ಇಸ್ತ್ರಿ ಅಕ್ಕನ ತಿಗಣೆ ಮದ್ದು

ಇಸ್ತ್ರಿ ಅಕ್ಕನನ್ನು ನಾನು ಮೊದಲು ನೋಡಿದ ದಿನ ಅವಳ ಕೈಯಲ್ಲಿ ಕುದಿಯುವ ನೀರಿನ ಕೆಟಲಿತ್ತು. ನಾನು ಮೇಲಿನ ಕೋಣೆಗೆ ಬಾಡಿಗೆಗೆ ಬಂದು ಹಾಸಿಗೆ ಹೊಲಿಯುವ ಕೆಲಸ ಶುರುಮಾಡಿದ ಹೊಸತು. ಬಾಗಿಲು ತೆರೆದರೆ ಎದುರಿಗೆ ದಪ್ಪ ಹೆಂಗಸು.

"ನಾನು ಕೆಳಗಿನ ಮನೆಯವಳು. ನಿಮ್ಮನೆಯವನೊಬ್ಬ ಮೆಟ್ಟಿಲಿಳಿದು ನಮ್ಮ ಕಡೆ ಬರ್ತಿದ್ದ. ಅಲ್ಲೇ ಮುಗಿಸಿದೆ. ಉಳಿದವರು ಎಲ್ಲಿದಾರೆ ತೋರ್ಸು, ತಂಗಿ."

ಯಾರೋ ಬಿಚ್ಚಿ ಹೊಲಿಯಲು ಕೊಟ್ಟ ಹಳೆಯ ಹಾಸಿಗೆಯಿಂದ ತಿಗಣೆ ಇಳಿದಿದ್ದವು. ಹಾಸಿಗೆಯವಳ ಮನೆಯಲ್ಲೇ ತಿಗಣೆ ಎಂದು ಗೊತ್ತಾದರೆ ಕೆಲಸ ಯಾರು ಕೊಡುತ್ತಾರೆ? ಅವಳನ್ನು ಒಳಗೆಳೆದು ಬಾಗಿಲು ಹಾಕಿದೆ.

ಮಗುವಿನ ಕಿವಿಗೆ ಎಣ್ಣೆ ಬಿಡುವಷ್ಟು ಜೋಪಾನವಾಗಿ ಅವಳು ಮಂಚದ ಸಂದುಸಂದಿಗೂ ಕುದಿನೀರು ಬಿಟ್ಟಳು. ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಬೀದಿಯವರ ಬಟ್ಟೆ ಇಸ್ತ್ರಿ ಮಾಡುವುದು ಅವಳ ಕಸುಬು. ಆ ಕೆಂಡದ ಇಸ್ತ್ರಿ ಪೆಟ್ಟಿಗೆಯನ್ನೇ ತಂದು, ಹಾಸಿಗೆಯ ಅಂಚಿಗೆ ಒದ್ದೆ ಬಟ್ಟೆ ಹಾಸಿ, ಹೊಲಿಗೆಗುಂಟ ನಿಧಾನವಾಗಿ ಎಳೆದಳು. ಆವಿ ಒಳಗಿಳಿದಂತೆಲ್ಲ ಮೊಟ್ಟೆ ಸಮೇತ ಸಾಯುತ್ತವೆ ಎಂದಳು. ಮಂಚವನ್ನು ಗೋಡೆಯಿಂದ ಸರಿಸಿ ಕಾಲುಗಳನ್ನು ಸೋಪಿನ ನೀರಿನ ಬಟ್ಟಲಲ್ಲಿ ನಿಲ್ಲಿಸಿದಳು. ಮಲಗುವ ಮುಂಚೆ ಸುತ್ತಲೂ ಬೀನ್ಸ್ ಗಿಡದ ಎಲೆ ಹರಡಬೇಕು. ಎಲೆಯ ಸಣ್ಣ ಮುಳ್ಳಿಗೆ ತಿಗಣೆಯ ಕಾಲು ಸಿಕ್ಕಿಕೊಳ್ಳುತ್ತದೆ, ಬೆಳಿಗ್ಗೆ ಎಲೆ ಸಮೇತ ಒಲೆಗೆ. ಗೋಡೆಯ ಬಿರುಕಿಗೆ ನಾನು ಬೇವಿನೆಣ್ಣೆ ಬಳಿದಾಗ ಮಾತ್ರ ಮೂಗು ಮುಚ್ಚಿಕೊಂಡಳು.

"ಇದಕ್ಕೆ ತಿಗಣೆ ಸಾಯುತ್ತೋ ಇಲ್ವೋ, ಬೀದಿಯವರಂತೂ ಬರ್ತಾರೆ ನೋಡ್ತಿರು."

ಹಾಗೇ ಆಯಿತು. ಓನರಮ್ಮ ಮೂಗರಳಿಸುತ್ತ ಮೆಟ್ಟಿಲ ಬಳಿ ಬಂದು, "ಯಾರ ಮನೇಲಿ ತಿಗಣೆ?" ಎಂದರು. ಅಕ್ಕ ಮೊಣಕೈ ಪರಪರ ಕೆರೆದುಕೊಂಡಳು.

"ನಮ್ಮನೇಲಿ ಅಮ್ಮ. ತಿಂದು ಹಾಕ್ತಿವೆ. ಬನ್ನಿ, ಒಳಗೆ ಕೂತ್ಕೊಳ್ಳಿ."

ಓನರಮ್ಮ ಬಂದ ದಾರಿಯಲ್ಲೇ ಹೋದರು.

"ಯಾಕಕ್ಕ ನಿನ್ನ ತಲೆ ಮೇಲೆ ಹಾಕ್ಕೊಂಡೆ?" ಎಂದೆ.

"ನಿನಗೋಸ್ಕರ ಅಂತ ಉಬ್ಬಬೇಡ. ನಮ್ಮಣ್ಣ ಬರ್ತಾನೆ."

ಅಣ್ಣ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಸೊಸೆಯ ಜೊತೆ ಜಗಳವಾದಾಗಲೆಲ್ಲ ತಂಗಿಯ ಮನೆಗೆ ಬರುತ್ತಿದ್ದ. ಅಕ್ಕನಿಗಿದ್ದದ್ದು ಒಂದೇ ಕೋಣೆ, ಒಂದೇ ಮಂಚ. ಅವನು ಬಂದರೆ ಮಂಚ ಅವನದು, ಒಲೆಯ ಪಕ್ಕದ ಚಾಪೆ ಇವಳದು. ಈ ಸಲ ಟ್ರಂಕು ಸಮೇತ ಬಂದು ಇಲ್ಲೇ ಉಳಿಯುತ್ತೇನೆ ಎಂದಿದ್ದನಂತೆ.

"ಗಂಡ ಹೋದ್ಮೇಲೇ ಕಣೇ ನಾನು ಕಾಲು ಚಾಚಿ ಮಲಗಿದ್ದು. ಆ ಮಂಚ ಬಿಟ್ಟುಕೊಡಲ್ಲ. ಆದ್ರೆ ಒಡಹುಟ್ಟಿದವನಿಗೆ ಬರಬೇಡ ಅನ್ನೋಕೆ ನಾಲಿಗೆ ಏಳಲ್ಲ. ಅದನ್ನ ತಿಗಣೆ ಹೇಳಲಿ."

ಅಂದಿನಿಂದ ಯಾರು ಎದುರಾದರೂ ಅವಳಿಗೆ ತುರಿಕೆ. ಬಟ್ಟೆ ಕೊಡಲು ಹಿಂಜರಿದವರಿಗೆ, "ಈ ಪೆಟ್ಟಿಗೆ ಕೆಳಗೆ ಹೋಗಿ ಬದುಕಿ ಬಂದ ತಿಗಣೆ ಇದ್ರೆ ತೋರ್ಸಿ, ಕೈ ಮುಗೀತೀನಿ" ಎನ್ನುತ್ತಿದ್ದಳು. ಅವರೂ ನಗುತ್ತ ಕೊಟ್ಟು ಹೋಗುತ್ತಿದ್ದರು.

ಸುದ್ದಿ ಅಣ್ಣನಿಗೂ ಮುಟ್ಟಿತು. ಅವನು ಹೇಳಿಕಳಿಸಿದ: ಬಾಯಿಮಾತು ನಂಬಿ ಯಾರನ್ನೂ ಬಿಟ್ಟವನಲ್ಲ ನಾನು, ನಾಳೆ ಬಂದು ಕಣ್ಣಾರೆ ನೋಡುತ್ತೇನೆ.

ಅಕ್ಕ ಖಾಲಿ ಬೆಂಕಿಪೊಟ್ಟಣ ಹಿಡಿದು ಮೇಲೆ ಬಂದಳು. "ತಂಗಿ, ನಿನ್ನ ಹತ್ರ ಇರೋದ್ರಲ್ಲಿ ಒಂದೆರಡು ಕೊಡು. ಜೀವ ಇರೋವು ಬೇಕು."

ಇಬ್ಬರೂ ಮಂಚ ಮಗುಚಿದೆವು, ಹೊಲಿಗೆ ಬಿಡಿಸಿದೆವು, ಗೋಡೆಗೆ ದೀಪ ಹಿಡಿದೆವು. ಒಂದೂ ಇಲ್ಲ.

"ಇಷ್ಟು ಚೆನ್ನಾಗಿ ಕೊಲ್ಲು ಅಂತ ನನಗ್ಯಾರು ಹೇಳಿದ್ರು?" ಎಂದು ಅವಳು ನೆಲದ ಮೇಲೆ ಕುಸಿದಳು.

ನನ್ನ ಮೂಲೆಯಲ್ಲಿ ಹಾಸಿಗೆಗೆ ತುಂಬುವ ತೆಂಗಿನ ನಾರಿತ್ತು. ಅದರ ಪುಡಿ ಮೈಗೆ ತಾಗಿದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಒಂದು ಹಿಡಿ ಜರಡಿ ಹಿಡಿದು, ಅಕ್ಕನ ಹಾಸಿಗೆಯ ಮೇಲೆ ಉದುರಿಸಿ, ತೆಳ್ಳನೆಯ ಹಳೇ ಹೊದಿಕೆ ಮುಚ್ಚಿದೆವು.

ಅಣ್ಣ ಬಂದ. ಟ್ರಂಕು ಇಳಿಸಿದ. ಕನ್ನಡಕ ಏರಿಸಿ ಹಾಸಿಗೆಯ ನಾಲ್ಕು ಮೂಲೆಯನ್ನೂ, ಪ್ರಯಾಣಿಕರ ಟಿಕೆಟ್ ತಿರುಗಿಸಿ ನೋಡುವ ಹಾಗೆ, ಎತ್ತಿ ಎತ್ತಿ ನೋಡಿದ.

"ಒಂದೂ ಇಲ್ವಲ್ಲೇ. ಸುಳ್ಳು ಬೊಗಳ್ತೀಯಾ?" ಎಂದು ಅಂಗಿ ಕಳಚಿ ಆರಾಮಾಗಿ ಮಲಗಿದ.

ಟೀ ಕುದಿಯುವುದರೊಳಗೆ ಕತ್ತು ಕೆರೆದುಕೊಂಡ. ಆಮೇಲೆ ಬೆನ್ನು. ಆಮೇಲೆ ಎದ್ದು ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿದ.

"ಕಣ್ಣಿಗೂ ಕಾಣದ ಜಾತಿ ಕಣೇ ಇವು" ಎಂದವನೇ ಟ್ರಂಕು ಎತ್ತಿಕೊಂಡು ಬೀದಿಗಿಳಿದ.

"ಟೀ ಕುಡಿದು ಹೋಗಣ್ಣ" ಎಂದು ಅಕ್ಕ ಕೂಗುತ್ತಲೇ ಇದ್ದಳು. ಅವನು ಮರೆಯಾದ ಮೇಲೆ ಹೊದಿಕೆಯನ್ನು ಬೀದಿಗೆ ಕೊಡವಿ, ಆ ಟೀಯನ್ನು ನಾವಿಬ್ಬರು ಕುಡಿದೆವು.

ಸಂಜೆಯಾಗುವಷ್ಟರಲ್ಲಿ ಟ್ರಂಕು ವಾಪಸು ಬಂತು. ಹಿಂದೆ ಅಣ್ಣ. ಅವನು ಕೆರೆದುಕೊಳ್ಳುವುದನ್ನು ಸೊಸೆ ಹೊಸ್ತಿಲಲ್ಲೇ ನೋಡಿ, "ತಿಗಣೆ ಮನೆಯಿಂದ ಬಂದವರು ಅಲ್ಲೇ ನಿಲ್ಲಿ ಮಾವ" ಎಂದು ಬಾಗಿಲು ಹಾಕಿಕೊಂಡಳಂತೆ. ಮೆಟ್ಟಿಲ ಕೆಳಗೆ ಟ್ರಂಕಿನ ಮೇಲೆ ಕುಳಿತು ಅವನು ಇನ್ನೂ ಕೆರೆದುಕೊಳ್ಳುತ್ತಿದ್ದ.

ಅಕ್ಕ ನನ್ನ ಮೊಣಕೈ ಹಿಡಿದು ಮೆಟ್ಟಿಲ ತಿರುವಿಗೆ ಎಳೆದುಕೊಂಡು ಹೋದಳು. ಇಷ್ಟೆಲ್ಲ ಮಾಡಿದವಳು, ಏನು ಕೇಳಿದರೂ ಇಲ್ಲ ಎನ್ನಬಾರದು ಎಂದುಕೊಂಡೆ. ಕೇಳಿದಳು. ನಾನು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಆ ನಗು ನೋಡಿದ ಮೇಲೆ ಅವಳು ಬದುಕಿರುವವರೆಗೂ ನನ್ನನ್ನು ಮತ್ತೇನೂ ಕೇಳಲಿಲ್ಲ.

ಅವಳು ಕೇಳಿದ್ದು ಇಷ್ಟೇ: "ತಂಗಿ, ನಿಮ್ಮನೇಲಿ ಒಂದು ತಿಗಣೆಯೂ ಇಲ್ಲ, ನಾನೇ ಹುಡುಕಿ ನೋಡಿದೀನಿ. ಇವನ ಟ್ರಂಕಿಗೆ ಮೇಲೆ ಒಂಚೂರು ಜಾಗ ಮಾಡ್ತೀಯಾ?"