ಡಬ್ಬದ ಮೇಲಿನ ಅಂಕೆ ನಂಬದ ಅನಾರ್ಕುಲ್

ಬೆಳಿಗ್ಗೆ ಏಳು ಗಂಟೆ. ಜನವರಿಯ ಬಿಷ್ಕೆಕ್‌ನಲ್ಲಿ ಅದಿನ್ನೂ ಮಬ್ಬುಗತ್ತಲ ಹೊತ್ತು. ಮನೆಮನೆಯ ಒಲೆಯಿಂದ ಎದ್ದ ಕಲ್ಲಿದ್ದಲ ಹೊಗೆ ಬಜಾರಿನ ಮೇಲೆ ಕವುಚಿಕೊಂಡಿದೆ. ಅನಾರ್ಕುಲ್ ಎಜೆ ಭುಜ ಕೊಟ್ಟು ತಮ್ಮ ತಗಡಿನ ರಿಪೇರಿ ಮಳಿಗೆಯ ಬಾಗಿಲು ತಳ್ಳುತ್ತಾರೆ, ದೀಪ ಹಾಕುತ್ತಾರೆ, ಬೆರಳು ಬಿಟ್ಟ ಕೈಗವಸು ತೊಡುತ್ತಾರೆ. ಬೆಂಚಿನ ಮೇಲೆ ನಿನ್ನೆ ಬಂದ ಒಂದು ವ್ಯಾಕ್ಯೂಮ್ ಕ್ಲೀನರ್ ಹೊಟ್ಟೆ ಬಿಚ್ಚಿಕೊಂಡು ಮಲಗಿದೆ. ಅದರ ಚೀಲವನ್ನು ಹಳೇ ಪತ್ರಿಕೆಯ ಮೇಲೆ ಸುರಿದು, ದೂಳನ್ನು ಬೆರಳ ತುದಿಯಲ್ಲಿ ಉಜ್ಜಿ ನೋಡುತ್ತಾರೆ.

"ಉಣ್ಣೆ ಜಾಸ್ತಿ ಐತೆ, ಶಿರ್ದಾಕ್ ಜಮಖಾನ ಹಾಸಿರೋ ಮನೆ. ಬೂದಿ ಇಲ್ಲ, ಅಂದ್ರೆ ಅಪಾರ್ಟ್‌ಮೆಂಟು. ಬೆಕ್ಕೊಂದು ಸಾಕಿದ್ದಾರೆ. ಮೋಟರ್ ಕೆಟ್ಟಿಲ್ಲ, ಪಾಪ. ಆರು ತಿಂಗಳಿಂದ ಚೀಲ ಖಾಲಿ ಮಾಡಿಲ್ಲ ಅಷ್ಟೆ," ಅನ್ನುತ್ತಾರೆ. ಹತ್ತು ನಿಮಿಷದಲ್ಲಿ ಯಂತ್ರ ಸರಿಯಾಗುತ್ತದೆ. ಮೋಟರ್ ಬದಲಿಸಬೇಕು ಎಂದು ಸುಳ್ಳು ಹೇಳಿದ್ದರೆ ಕೇಳುವವರು ಯಾರೂ ಇರಲಿಲ್ಲ.

ಎಜೆ ಅಂದರೆ ಅಕ್ಕ. ಐವತ್ತೆಂಟು ದಾಟಿದ ಈ ಹೆಂಗಸನ್ನು ಎಪ್ಪತ್ತರ ಮುದುಕರೂ ಹಾಗೇ ಕರೆಯುತ್ತಾರೆ. ಹದಿನೆಂಟಕ್ಕೆ ವಿದ್ಯುತ್ ಮೋಟರ್ ಕಾರ್ಖಾನೆ ಸೇರಿ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಕೆಲಸ ಕಲಿತವರು ಇವರು. ಹನ್ನೊಂದು ವರ್ಷ ಸುತ್ತಿದರು. ದೇಶ ಬದಲಾಯಿತು, ಒಂದು ಸೋಮವಾರ ಕಾರ್ಖಾನೆಯ ಗೇಟಿಗೆ ಬೀಗ ಬಿದ್ದಿತ್ತು. ಗಂಡ ಕೆಲಸ ಹುಡುಕಿ ಉತ್ತರಕ್ಕೆ ಹೋದವನು ಅಲ್ಲೇ ಬೇರೆ ಮನೆ ಮಾಡಿಕೊಂಡ. ಅದರ ಬಗ್ಗೆ ಕೇಳಿದರೆ, "ಅವನ ವೈಂಡಿಂಗ್ ಮೊದಲೇ ಸಡಿಲ ಇತ್ತು ಬಿಡಿ" ಎಂದು ನಕ್ಕು ಸ್ಕ್ರೂಡ್ರೈವರ್ ಹುಡುಕಲು ಹೊರಡುತ್ತಾರೆ. ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದು ಈ ಮಳಿಗೆಯೇ. ಬಜಾರಿನಲ್ಲಿ ಯಂತ್ರ ಬಿಚ್ಚುವ ಹೆಂಗಸು ಇವರೊಬ್ಬರೇ. ಮೊದಲ ಐದು ವರ್ಷ ಗಿರಾಕಿಗಳು ಒಳಗೆ ಇಣುಕಿ, "ಮೇಸ್ತ್ರಿ ಎಲ್ಲಿ?" ಎಂದು ಕೇಳುತ್ತಿದ್ದರಂತೆ.

ದಿನಕ್ಕೆ ಆರೋ ಏಳೋ ಯಂತ್ರ ರಿಪೇರಿಗೆ ಬರುತ್ತವೆ. ಬರೀ ಕೇಳಿಕೊಂಡು ಹೋಗಲು ಬರುವವರು ಮೂವತ್ತಕ್ಕೂ ಹೆಚ್ಚು. ಎಲ್ಲರದೂ ಒಂದೇ ಪ್ರಶ್ನೆ: ಯಾವುದು ಕೊಳ್ಳಲಿ? ಈ ಮಾತಿಗೆ ಅವರು ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಬದಲಿಗೆ ಅವರೇ ಪ್ರಶ್ನೆ ಹಾಕುತ್ತಾರೆ. ಹಾಸು ಯಾವುದು? ಒಲೆ ಕಲ್ಲಿದ್ದಲಿನದಾ? ಎಷ್ಟು ಮೆಟ್ಟಿಲು ಹೊತ್ತು ಹತ್ತಬೇಕು? ಗುಡಿಸೋದು ಯಾರು, ಅವರ ಬೆನ್ನು ಹೆಂಗಿದೆ?

"ಎರಡು ಸಾವಿರದ ನಾನೂರು ವ್ಯಾಟ್ ಅಂತ ಡಬ್ಬದ ಮೇಲೆ ದಪ್ಪಗೆ ಬರೆದಿರ್ತಾರೆ. ಅದು ಯಂತ್ರ ತಿನ್ನೋ ಕರೆಂಟು, ದೂಳು ಎಳೆಯೋ ಶಕ್ತಿ ಅಲ್ಲ. ಜಾಸ್ತಿ ಉಣ್ಣೋನೆಲ್ಲ ಜಾಸ್ತಿ ದುಡೀತಾನಾ? ಹಾಸಿನ ಮೇಲೆ ಹಿಟ್ಟು ಚೆಲ್ಲಿ ಎಳೆಸಿ ನೋಡಿ, ಗೊತ್ತಾಗ್ತದೆ. ಶಿರ್ದಾಕ್ ಇದ್ರೆ ತಿರುಗೋ ಬ್ರಷ್ ಬೇಡ, ಉಣ್ಣೆ ಕಿತ್ತು ಹಾಕ್ತದೆ. ಉಬ್ಬಸದವರಿದ್ರೆ ಚೀಲ ಇರೋದೇ ತಗೊಳ್ಳಿ, ಚೀಲ ಇಲ್ಲದ್ದರ ಡಬ್ಬಿ ಕೊಡವೋವಾಗ ದೂಳೆಲ್ಲ ಮುಖಕ್ಕೇ ಬರ್ತದೆ. ಬಿಡಿಭಾಗ ಈ ಊರಲ್ಲಿ ಸಿಗ್ತದಾ ಕೇಳಿ. ಬಣ್ಣ ಆಮೇಲೆ ನೋಡುವಿರಂತೆ."

ಇಷ್ಟು ಸರಳವಾದ ಮಾತನ್ನು ಈ ನಗರದ ಒಂದು ಅಂಗಡಿಯವನೂ ನನಗೆ ಹೇಳಿರಲಿಲ್ಲ. ನಾನು ಕಳೆದ ಹತ್ತು ವರ್ಷದಲ್ಲಿ ಮೂರು ಯಂತ್ರ ಕೊಂಡಿದ್ದೇನೆ, ಮೂರನ್ನೂ ಅಂಕೆ ನೋಡಿಯೇ ಕೊಂಡೆ. ಮಾರುವವರಿಗೆ ಎಲ್ಲ ಗೊತ್ತಿರುತ್ತದೆ. ಗೊತ್ತಿದ್ದೂ ಹೇಳುವುದಿಲ್ಲ. ಹೇಳಿದವರನ್ನು ಏನು ಮಾಡುತ್ತಾರೆ ಎನ್ನುವುದನ್ನು ಕಳೆದ ಚಳಿಗಾಲ ತಿಳಿದುಕೊಂಡೆ.

ಊರಂಚಿನ ಬಡಾವಣೆಯ ನೂರ್ಜತ್ ಎಂಬ ಸೊಸೆ ಒಂದು ದಿನ ಎಜೆಯ ಮಳಿಗೆಗೆ ಯಂತ್ರ ಹೊತ್ತು ತಂದಳು. ರಸ್ತೆಯಾಚೆಯ ದೊಡ್ಡ ಷೋರೂಮಿನಲ್ಲಿ ಕೊಂಡು ವರ್ಷ ತುಂಬಿರಲಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಪಾಲು ದೂಳು ತಡೆಯುವ ಫಿಲ್ಟರ್ ಎಂದು ಡಬ್ಬದ ಮೇಲಿತ್ತು. ಅತ್ತೆ ಸೈಯಿಲ್‌ಕಾನ್‌ಗೆ ಉಬ್ಬಸ ಎಂದೇ ಹುಡುಕಿ ಅದನ್ನು ಆರಿಸಿದ್ದಳು. ಆದರೆ ಅದರಲ್ಲಿ ಗುಡಿಸಿದ ದಿನವೇ ಅತ್ತೆಗೆ ಉಸಿರು ಕಟ್ಟುತ್ತಿತ್ತು. "ನೀನು ಕಾಲಿಟ್ಟ ಮೇಲೆ ಈ ಮನೇಲಿ ಗಾಳಿ ಕೆಟ್ಟಿತು" ಎಂದು ಅತ್ತೆ ನೆಂಟರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಸೊಸೆ ದಿನಕ್ಕೆ ಎರಡು ಸಲ ಗುಡಿಸತೊಡಗಿದಳು. ಉಬ್ಬಸ ಎರಡರಷ್ಟಾಯಿತು.

ಎಜೆ ಹಿಂಬದಿಯ ಮುಚ್ಚಳ ತೆಗೆದರು. ಫಿಲ್ಟರೇನೋ ಇತ್ತು. ಅದರ ಚೌಕಟ್ಟಿನ ಸುತ್ತ ರಬ್ಬರ್ ಪಟ್ಟಿ ಕೂರಿಸಲು ತೋಡಿದ್ದ ಗೀರೂ ಇತ್ತು. ಪಟ್ಟಿ ಮಾತ್ರ ಇರಲಿಲ್ಲ. ಎಳೆದುಕೊಂಡ ನುಣ್ಣನೆಯ ಬೂದಿಯೆಲ್ಲ ಫಿಲ್ಟರಿನ ಪಕ್ಕದಿಂದ ನುಸುಳಿ, ಹಿಂದಿನಿಂದ ಕೋಣೆಗೆ ವಾಪಸು ಹಾರುತ್ತಿತ್ತು. ಆ ಚಳಿಗಾಲ ಅದೇ ಮಾದರಿಯ ಹನ್ನೊಂದು ಯಂತ್ರ ಅವರ ಬೆಂಚಿಗೆ ಬಂದಿದ್ದವು. ಹನ್ನೊಂದರಲ್ಲೂ ಗೀರು ಖಾಲಿ.

"ನಿನ್ನ ತಪ್ಪೇನೂ ಇಲ್ಲ ಕಣವ್ವ, ನಡಿ," ಎಂದು ಎಜೆ ಯಂತ್ರ ಹೊತ್ತು ನೂರ್ಜತ್‌ಳನ್ನು ಕರೆದುಕೊಂಡು ಷೋರೂಮಿಗೆ ಹೋದರು. ಅಲ್ಲಿನ ಮ್ಯಾನೇಜರ್ ಎಲ್ದಿಯಾರ್ ಎಂಬ ನೀಟಾದ ಯುವಕ. ಯಂತ್ರ ಮುಟ್ಟಲೂ ಇಲ್ಲ. "ನೀವು ಬಿಚ್ಚಿದ್ದೀರಿ, ಸೀಲ್ ಒಡೆದಿದೆ, ವಾರಂಟಿ ಮುಗೀತು" ಎಂದ. ಹಾಗಾದರೆ ಸೀಲ್ ಒಡೆಯದ ಒಂದನ್ನು ನೀನೇ ಬಿಚ್ಚು ಎಂದರು ಎಜೆ. "ಎಜೆ, ನಿಮ್ಮ ಗುಜರಿ ಅಂಗಡಿಗೆ ಗಿರಾಕಿ ಬೇಕು ಅಂದ್ರೆ ಬೇರೆ ದಾರಿ ನೋಡ್ಕೊಳ್ಳಿ" ಎಂದು ಅವನು ಕಾವಲುಗಾರನ ಕಡೆ ಕಣ್ಣು ಮಾಡಿದ.

ಮರುವಾರದಿಂದ ಪ್ರತಿ ಶನಿವಾರ ಎಜೆ ತಮ್ಮ ಮಳಿಗೆ ಮುಂದೆ ಮೇಜು ಹಾಕಿದರು. ಯಾರು ಯಾವ ಯಂತ್ರ ತಂದರೂ ಒಂದು ಚಮಚ ಒಲೆಬೂದಿ ಎಳೆಸಿ, ಗಾಳಿ ಹೊರಬೀಳುವ ಕಡೆ ಬಿಳಿಯ ಒದ್ದೆ ಬಟ್ಟೆ ಹಿಡಿಯುವುದು. ಬಟ್ಟೆ ಬಿಳಿಯಾಗಿಯೇ ಉಳಿದರೆ ಯಂತ್ರ ಒಳ್ಳೆಯದು. ಬೂದುಬಣ್ಣ ಆದರೆ ನಿಮ್ಮ ಶ್ವಾಸಕೋಶಕ್ಕೂ ಅದೇ ಬಣ್ಣ. ಷೋರೂಮಿನ ಹೆಸರನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಆದರೂ ಮೂರನೆಯ ಶನಿವಾರಕ್ಕೆ ಬಜಾರಿನ ಆಡಳಿತದಿಂದ ಕಾಗದ ಬಂತು: ದಾರಿಗೆ ಅಡ್ಡಿ, ಇತರ ವ್ಯಾಪಾರಿಗಳಿಗೆ ನಷ್ಟ. ಮಾರನೆಯ ಬೆಳಿಗ್ಗೆ ಮಳಿಗೆಯ ಕರೆಂಟು ತೆಗೆದರು.

ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ರಬ್ಬರ್ ಪಟ್ಟಿ ಇಲ್ಲದ ಯಂತ್ರ ಮಾರಿದವರ ಷೋರೂಮಿನಲ್ಲಿ ಹಗಲೂ ನೂರು ದೀಪ. ಪಟ್ಟಿ ಇಲ್ಲ ಎಂದು ತೋರಿಸಿದವರ ಬೆಂಚಿಗೆ ಕತ್ತಲೆ. ಒಂಬತ್ತು ದಿನ ಕರೆಂಟು ಕೊಡಲಿಲ್ಲ. ಈ ನಡುವೆ ಪಕ್ಕದ ತಂದೂರಿನ ರೊಟ್ಟಿಯವ, ಉಯ್ಗುರ್ ಜನಾಂಗದ ಹಾಶಿಮ್ಜಾನ್, ಗೋಡೆಗೆ ತೂತು ಕೊರೆದು ತನ್ನ ಮಳಿಗೆಯಿಂದ ತಂತಿ ದಾಟಿಸಿದ. ಆಡಳಿತದವರು ಕೇಳಿದರೆ ಏನು ಹೇಳುತ್ತೀ ಎಂದದ್ದಕ್ಕೆ, "ಇಲಿ ಕೊರೆದಿದೆ ಅಂತೀನಿ. ದೊಡ್ಡ ಇಲಿ" ಎಂದ.

ಎಜೆಯ ಪರಿಚಯ ನನಗಿನ್ನೂ ಇರಲಿಲ್ಲ; ಹತ್ತನೆಯ ದಿನ ನಾನು ಅದೇ ಷೋರೂಮಿನಲ್ಲಿದ್ದೆ. ನಾಚಿಕೆಯಿಂದಲೇ ಹೇಳುತ್ತೇನೆ, ನನ್ನ ಕೈಯಲ್ಲಿ ಅದೇ ಮಾದರಿಯ ಡಬ್ಬವಿತ್ತು. ಎಲ್ದಿಯಾರ್ ನನಗೆ ಫಿಲ್ಟರಿನ ಗುಣಗಾನ ಮಾಡುತ್ತಿದ್ದ. ಅಷ್ಟರಲ್ಲಿ ಬಿಳಿ ತಲೆವಸ್ತ್ರದ ಒಬ್ಬ ಮುದುಕಿ ಸೊಸೆಯ ತೋಳು ಹಿಡಿದು ಏದುಸಿರು ಬಿಡುತ್ತ ಒಳಗೆ ಬಂದರು. ನೂರ್ಜತ್‌ಳ ಅತ್ತೆ ಸೈಯಿಲ್‌ಕಾನ್. ಅವರ ಹಿಂದೆ, ಖಾಲಿ ಗೀರನ್ನು ಮುದುಕಿಗೆ ತೋರಿಸಿ ಕರೆತಂದಿದ್ದ ಎಜೆ. ಮುದುಕಿ ಕುರ್ಚಿ ಎಳೆದು ಪ್ರದರ್ಶನಕ್ಕಿಟ್ಟ ಯಂತ್ರದ ಗಾಳಿ ಬಿಡುವ ಬೆನ್ನಿಗೆ ಸರಿಯಾಗಿ ಹಾಕಿಕೊಂಡು ಕೂತರು. ಚೀಲದಿಂದ ಒಂದು ಜಾಡಿ ಬೂದಿ ತೆಗೆದು ನೆಲದ ಹಾಸಿನ ಮೇಲೆ ಸುರಿದರು. ಉಸಿರಿನ ಪಂಪನ್ನು ಮಡಿಲಲ್ಲಿಟ್ಟುಕೊಂಡರು.

"ಹಚ್ಚಪ್ಪ," ಎಂದರು.

"ಅಪಾ, ಏನು ಮಾಡ್ತಿದ್ದೀರಿ, ಏಳಿ," ಎಂದ ಎಲ್ದಿಯಾರ್. ಅಪಾ ಅಂದರೆ ಅಮ್ಮ.

"ಇದು ಬಿಡೋದು ಶುದ್ಧ ಗಾಳಿ ಅಂತ ಈಗ ಈ ಸಾಹೇಬರಿಗೆ ಹೇಳ್ತಿದ್ಯಲ್ಲ, ಕೇಳಿಸ್ತು. ನನಗೂ ಸ್ವಲ್ಪ ಶುದ್ಧ ಗಾಳಿ ಬೇಕು. ಹಚ್ಚು."

ಗಿರಾಕಿಗಳು ಸುತ್ತ ನಿಂತರು. ಎಲ್ದಿಯಾರ್ ಗುಂಡಿಯ ಮೇಲೆ ಬೆರಳಿಟ್ಟ. ಮುದುಕಿಯ ಎದೆಯಿಂದ ಬರುತ್ತಿದ್ದ ಸುಯ್ಯೆನ್ನುವ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಬೆರಳು ಒತ್ತಲಿಲ್ಲ.

"ನಿಮಗೇನಾದ್ರೂ ಆದ್ರೆ ಯಾರು ಜವಾಬ್ದಾರಿ, ಅಪಾ?"

"ಒಂದು ವರ್ಷದಿಂದ ಆಗ್ತಾನೇ ಇದೆ. ಈ ಹುಡುಗೀನೇ ಜವಾಬ್ದಾರಿ ಅಂತ ನಾನು ಬೈದೆ. ದಿನಾ ಬೈದೆ. ಆ ಬೈಗುಳ ಎಲ್ಲ ನಿನಗೆ ಸೇರಬೇಕಾದ್ದು." ನೂರ್ಜತ್ ಮುಖ ತಿರುಗಿಸಿಕೊಂಡಳು. ಅತ್ತೆ ಅವಳ ಕೈ ಬಿಡಲಿಲ್ಲ.

ನಾನು ಡಬ್ಬವನ್ನು ಕೆಳಗಿಟ್ಟೆ. ನನ್ನ ಪಕ್ಕದಲ್ಲಿದ್ದ ಇಬ್ಬರೂ ಇಟ್ಟರು. ಅರ್ಧ ಗಂಟೆಯಲ್ಲಿ ನೂರ್ಜತ್‌ಳ ಯಂತ್ರವನ್ನು ಷೋರೂಮು ವಾಪಸು ತೆಗೆದುಕೊಂಡಿತು. ಆ ಸಂಜೆಯೇ ಎಜೆಯ ಮಳಿಗೆಗೆ ಕರೆಂಟು ಬಂತು. ಯಾರು ಕೊಟ್ಟರು, ಯಾಕೆ ಕಿತ್ತಿದ್ದರು ಎಂದು ಇಂದಿಗೂ ಯಾರೂ ಬಾಯಿಬಿಟ್ಟಿಲ್ಲ.

ಎಲ್ಲ ಸರಿಹೋಯಿತು ಎಂದು ಓದುಗರು ಸಮಾಧಾನಪಡಬೇಡಿ. ಅದೇ ಮಾದರಿ ಇವತ್ತೂ ಅದೇ ಕಪಾಟಿನಲ್ಲಿದೆ, ಹೊಸ ಹಸಿರು ಸ್ಟಿಕರ್ ಅಂಟಿಸಿಕೊಂಡು. ತಪಾಸಣೆ ಇಲಾಖೆಗೆ ಎಜೆ ಬರೆದ ಎರಡು ಅರ್ಜಿಗೂ ಉತ್ತರ ಬಂದಿಲ್ಲ. ಈ ಚಳಿಗಾಲ ಇನ್ನೂ ನಾಲ್ಕು ಖಾಲಿ ಗೀರು ಅವರ ಬೆಂಚಿಗೆ ಬಂದಿವೆ. ಕಿಟಕಿಗೆ ಹಾಕುವ ರಬ್ಬರನ್ನು ಕತ್ತರಿಸಿ, ಗೀರಿಗೆ ಕೂರಿಸಿ ಕೊಡುತ್ತಾರೆ. ಕಾರ್ಖಾನೆ ಮಾಡದೆ ಬಿಟ್ಟ ಕೆಲಸವನ್ನು ಒಬ್ಬ ಹೆಂಗಸು ಕತ್ತರಿ ಹಿಡಿದು ಒಂದೊಂದಾಗಿ ಮುಗಿಸುತ್ತಿದ್ದಾಳೆ. ಇದನ್ನು ಸೇವೆ ಎಂದು ಹೊಗಳಿ ಸುಮ್ಮನಾಗಲು ನನಗೆ ಮನಸ್ಸಿಲ್ಲ.

ಸೈಯಿಲ್‌ಕಾನ್ ಮನೆಯಲ್ಲಿ ಈಗ ಹಳೆಯದೊಂದು ಚೀಲದ ಯಂತ್ರವಿದೆ. ಎಜೆ ಆರಿಸಿ, ಮೋಟರ್ ಹೊಸದಾಗಿ ಸುತ್ತಿ ಕೊಟ್ಟದ್ದು. ಮುದುಕಿಯ ಉಬ್ಬಸ ಪೂರ್ತಿ ಹೋಗಿಲ್ಲ. ಆದರೆ ಸೊಸೆ ಗುಡಿಸುವಾಗ ಎದ್ದು ಹೊರಗೆ ಹೋಗಬೇಕಾಗಿಲ್ಲ. ಅಲ್ಲೇ ಕೂತು, ಮೂಲೆ ಬಿಟ್ಟೆ ನೋಡು ಎಂದು ತಪ್ಪು ತೋರಿಸುತ್ತಾರಂತೆ.

ಹೊರಡುವ ಮುಂಚೆ ಎಜೆಯನ್ನು ಕೇಳಿದೆ: ಇಷ್ಟು ವರ್ಷ ಊರಿಗೆಲ್ಲ ಆರಿಸಿಕೊಟ್ಟಿದ್ದೀರಿ, ನೀವು ಹೇಳಿದ್ದು ಯಾವತ್ತೂ ತಪ್ಪಾಗಿಲ್ಲವಾ? ಅವರು ಕಾರ್ಬನ್ ಮೆತ್ತಿದ ಬೆರಳುಗಳನ್ನು ಚಿಂದಿಗೆ ಒರೆಸಿಕೊಂಡರು.

"ನಾನು ಆರಿಸಿದ್ದೂ ಕೆಡ್ತವೆ. ಯಂತ್ರ ತಾನೆ, ಇಲ್ಲಿಗೇ ಬರ್ತವೆ, ಮಾಡಿಕೊಡ್ತೀನಿ. ಆದ್ರೆ ಎಜೆ ನನಗೆ ಸುಳ್ಳು ಹೇಳಿದ್ಲು ಅಂತ ಇವತ್ತಿನವರೆಗೆ ಯಾರೂ ಈ ಬಾಗಿಲಿಗೆ ಬಂದಿಲ್ಲ."