ಜರಡಿ ಇಲ್ಲದ ಲೆಕ್ಕ

ಕುರ್ಡಿಯ ಪಕೀರಪ್ಪ ರಾಯಚೂರಿನ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ಪಿಎಚ್‌.ಡಿ. ಪ್ರಬಂಧವೊಂದಕ್ಕೆ ಒಂಬತ್ತು ವರ್ಷ ಜೋತುಬಿದ್ದಿದ್ದ. ತಾಯಿ ಗೋಪಮ್ಮ ಮಾನ್ವಿ ರಸ್ತೆಯ ಬದಿಯಲ್ಲಿ ಜಲ್ಲಿ ಒಡೆದೇ ಅವನನ್ನು ಓದಿಸಿದವಳು. ಈಗ ಕಲ್ಲಿನ ಧೂಳು ಎದೆಗಿಳಿದು, ಕೆಮ್ಮುತ್ತ ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಮಗನ ಓದು ಮುಗಿಯಿತೆಂದು ಕೇಳಿಯೇ ಕಣ್ಣು ಮುಚ್ಚಬೇಕೆಂಬುದು ಅವಳ ಹಟ.

ಅವನ ವಿಷಯ ಎಕ್ಸ್‌ನ ಘಾತಗಳನ್ನು ಕೂಡಿಸುತ್ತ ಹೋಗುವ ಘಾತ ಶ್ರೇಣಿಗಳು. ಅವುಗಳಲ್ಲಿ ಎಕ್ಸ್‌ನ ಘಾತ ಭಿನ್ನರಾಶಿಯೂ ಆಗಬಹುದು, ದೊಡ್ಡದರಿಂದ ಸೊನ್ನೆಯ ಕಡೆಗೆ ಮುಗಿಯದಂತೆ ಇಳಿಯಲೂಬಹುದು. ಹನ್ನೆರಡನ್ನು ಎರಡು, ಎರಡು, ಮೂರು ಎಂದು ಒಡೆದಂತೆ ಇಂಥ ಶ್ರೇಣಿಯನ್ನೂ ಮತ್ತೆ ಒಡೆಯಲಾಗದ ತುಂಡುಗಳಾಗಿ ಒಡೆಯಬಹುದೇ? ಬರೀ ಎಕ್ಸ್ ಆದರೆ ಅರ್ಧ ಘಾತ, ಕಾಲು ಘಾತ ಎಂದು ಒಡೆಯುತ್ತಲೇ ಹೋಗುತ್ತದೆ. ಅಂಥವನ್ನು ಹೊರಗಿಟ್ಟ. ಕೊನೆಯಲ್ಲಿ ಎಕ್ಸ್ ಇಲ್ಲದ ಬರೀ ಸಂಖ್ಯೆಯೊಂದು ಉಳಿಯುವ ಶ್ರೇಣಿಗಳೆಲ್ಲ ಒಡೆದು ಮುಗಿಯುತ್ತವೆಂದು ಸಾಧಿಸಿದ.

ಒಮ್ಮೆ ತಾಯಿಗೆ ಇದನ್ನು ತಿಳಿಸಿ ಹೇಳಿದ್ದ.

"ನಾವು ಒಡಿಯೋ ಕಲ್ಲು ಜರಡಿಗೆ ಇಳದ್ರ ಮುಗೀತು. ನಿನ್ನ ಲೆಕ್ಕಕ್ಕ ಜರಡಿ ಯಾವುದೋ ಯಪ್ಪಾ?" ಎಂದಿದ್ದಳು ಗೋಪಮ್ಮ.

ಪಕೀರಪ್ಪ ನಕ್ಕುಬಿಟ್ಟಿದ್ದ. ನಗಬಾರದಿತ್ತು.

೧೯೮೪ರ ಜೂನ್. ಪ್ರಬಂಧ ಸಲ್ಲಿಸಲು ಮರುದಿನವೇ ಕಡೆಯ ದಿನ. ತರಗತಿಯಲ್ಲಿ ಎ ವರ್ಗ ಮೈನಸ್ ಬಿ ವರ್ಗದ ಸೂತ್ರ ಬರೆಯುತ್ತಿದ್ದವನ ಕೈ ನಿಂತಿತು. ಎಕ್ಸ್ ಮೈನಸ್ ಒಂದು! ಅದರಲ್ಲಿ ಸಂಖ್ಯೆ ಉಳಿಯುತ್ತದೆ. ಆದರೂ ಈ ಸೂತ್ರದಿಂದ ಅದು ಎರಡಾಗುತ್ತದೆ: ಎಕ್ಸ್‌ನ ಅರ್ಧ ಘಾತ ಪ್ಲಸ್ ಒಂದು, ಅರ್ಧ ಘಾತ ಮೈನಸ್ ಒಂದು. ಆ ಮೈನಸ್ ತುಂಡು ಮತ್ತೆ ಎರಡು, ಅದರ ಮೈನಸ್ ತುಂಡು ಮತ್ತೆ ಎರಡು. ಕೊನೆಯೇ ಇಲ್ಲ. ಹೈಸ್ಕೂಲಿನ ಸೂತ್ರ ಮೇಷ್ಟ್ರ ಕಣ್ಣಿಗೇ ಬಿದ್ದಿರಲಿಲ್ಲ! ಒಂಬತ್ತು ವರ್ಷದ ದುಡಿತ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಪ್ರಬಂಧ ಕೊಡುವುದಿಲ್ಲವೆಂದಾಗ ಅದನ್ನು ಟೈಪ್ ಮಾಡಿದ್ದ ಗುಲಾಮ್ ದಸ್ತಗೀರ್ ಬಿಡಲಿಲ್ಲ. "ಯಾರು ನೋಡ್ತಾರ್ರೀ ಸರ್? ಗೈಡ್ ಸಾಹೇಬ್ರೇ ಒಪ್ಪ್ಯಾರ. ಕೊಟ್ಟುಬಿಡ್ರಿ."

"ನಾ ನೋಡೀನಲ್ರೀ," ಎಂದು ಪಕೀರಪ್ಪ ಕಾಗದದ ಕಟ್ಟನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದ.

ಗೋಪಮ್ಮ ಕಟ್ಟನ್ನು ನೋಡಿ ಮೊಣಕೈ ಊರಿ ಎದ್ದಳು. "ಮುಗೀತೇನೋ ಯಪ್ಪಾ?"

"ಮುಗೀತು ಯವ್ವಾ."

ಅವಳು ನೆರೆಮನೆಯ ಹಣಮಮ್ಮನನ್ನು ಕೂಗಿ ಕರೆದು, ಮಗ ಡಾಕ್ಟರ್ ಆದನೆಂದು ಕೆಮ್ಮುತ್ತಲೇ ಹೇಳಿದಳು. ಎಂಟು ದಿನಕ್ಕೆ ತೀರಿಕೊಂಡಳು. ಆ ಮಾತು ಹುಟ್ಟೂರು ಕುರ್ಡಿಗೂ ಮುಟ್ಟಿತ್ತು. ಮಣ್ಣಿಗೆ ಬಂದವರೆಲ್ಲ ಅವನನ್ನು ಡಾಕ್ಟರ್ ಪಕೀರಪ್ಪ ಎಂದೇ ಕರೆದರು. ಅಲ್ಲ ಎಂದರೆ ಸತ್ತವಳ ಮಾತು ಸುಳ್ಳಾಗುತ್ತದೆ. ಅವನು ತಲೆ ತಗ್ಗಿಸಿ ಓಗೊಟ್ಟ.